ಎದುರಿಗಿರೋದು ಮನುಷ್ಯನೋ ಬಾಟೋ ಅಂತ ತೀರ್ಪು ಕೊಡೋರು ಯಾರು?

ಸಾಗರದಿಂದ ಭಾವ ಫೋನ್ ಮಾಡಿದ್ದರು. ಸಾಮಾನ್ಯವಾಗಿ ಅಡಿಕೆ ರೇಟು, ಮಳೆ, ಅವರಮ್ಮನ ಮಂಡಿನೋವು ಇಷ್ಟರಲ್ಲಿ ನಮ್ಮ ಮಾತು ಮುಗಿಯುತ್ತದೆ. ಈ ಸಲ ನೇರವಾಗಿ ವಿಷಯಕ್ಕೆ ಬಂದರು. "ಮಾರಾಯ, ನೀನು ಕಂಪ್ಯೂಟರ್ ಲೈನಲ್ಲಿ ಇದ್ದವ ಅಲ್ವಾ, ಇವ ಸುಳ್ಳು ಹೇಳ್ತಿದ್ದಾನೋ ನಿಜ ಹೇಳ್ತಿದ್ದಾನೋ ನೋಡಿ ಹೇಳು. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ."

ಇವ ಅಂದರೆ ನನ್ನ ಅಕ್ಕನ ಮಗ, ಮೊದಲ ಪಿಯು. ಮೊಬೈಲಿನಲ್ಲಿ ಗುಂಡು ಹೊಡೆಯುವ ಆಟವೊಂದರಲ್ಲಿ ಮೂರು ವರ್ಷದಿಂದ ಕಟ್ಟಿಕೊಂಡು ಬಂದಿದ್ದ ಅಕೌಂಟು ಒಂದು ಬೆಳಿಗ್ಗೆ ಬ್ಯಾನ್ ಆಗಿತ್ತು. ಕಾರಣ: ನಿಷೇಧಿತ ತಂತ್ರಾಂಶದ ಬಳಕೆ. ಅವಧಿ: ಹತ್ತು ವರ್ಷ. ಬ್ಯಾನ್ ಮುಗಿಯುವಾಗ ಹುಡುಗನಿಗೆ 26 ಆಗಿರುತ್ತದೆ. ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡೆಲ್ಲ ಅದರಲ್ಲಿ ಬಟ್ಟೆ, ಬಂದೂಕಿನ ಬಣ್ಣ ಅಂತ ಹೋಗಿದೆ. ಶಿವಮೊಗ್ಗದ ಕಾಲೇಜೊಂದರ ಟೂರ್ನಮೆಂಟಿಗೆ ನಾಲ್ಕು ಜನರ ತಂಡದಲ್ಲಿ ಹೆಸರು ಕೊಟ್ಟಾಗಿತ್ತು, ಅದೂ ಹೋಯಿತು. "ಮಾಮ, ನಾನು ಏನೂ ಹಾಕಿಲ್ಲ" ಅಂತ ಒಂದೇ ಮಾತು. ಮನವಿ ಕಳಿಸಿದ್ದಾನೆ. ನಾಲ್ಕು ನಿಮಿಷದಲ್ಲಿ ಉತ್ತರ ಬಂದಿದೆ: ಪರಿಶೀಲಿಸಿದ್ದೇವೆ, ನಿರ್ಧಾರ ಅಂತಿಮ.

ಆ ನಾಲ್ಕು ನಿಮಿಷದಲ್ಲಿ ಯಾರು ಏನನ್ನು ಪರಿಶೀಲಿಸಿದರು? ಈ ಪ್ರಶ್ನೆ ಹಿಡಿದುಕೊಂಡು ಹೋದರೆ ಆಟದ ವಿಷಯ ಆಟವಾಗಿ ಉಳಿಯುವುದಿಲ್ಲ.

ಮೊದಲು ಕಂಪನಿಗಳ ಪರವಾಗಿ ಒಂದು ಮಾತು. ಮೋಸ ಇದೆ, ಭಯಂಕರವಾಗಿಯೇ ಇದೆ. 'ಏಮ್‌ಬಾಟ್' ಅಂದರೆ ನಿಮ್ಮ ಬದಲು ಗುರಿ ಹಿಡಿಯುವ ತಂತ್ರಾಂಶ. 'ಟ್ರಿಗರ್‌ಬಾಟ್' ಅಂದರೆ ಎದುರಾಳಿ ಗುರಿಯೊಳಗೆ ಬಂದ ಕ್ಷಣ ತಾನೇ ಕುದುರೆ ಎಳೆಯುವಂಥದ್ದು. ಇಡೀ ಆಟವನ್ನೇ ಮನುಷ್ಯರಿಲ್ಲದೆ ಆಡುವ ಬಾಟುಗಳೂ ಉಂಟು. ವಾಲ್ವ್ ಕಂಪನಿಯ 'ಟೀಮ್ ಫೋರ್ಟ್ರೆಸ್ 2' ಇಂಥ ಬಾಟುಗಳಿಂದ ವರ್ಷಗಟ್ಟಲೆ ಆಡಲಾಗದ ಸ್ಥಿತಿಗೆ ಬಂದು, ಆಟಗಾರರು 2022ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಅಂತರ್ಜಾಲದಲ್ಲಿ ಚಳವಳಿಯನ್ನೇ ಮಾಡಬೇಕಾಯಿತು. ನಮ್ಮ ದೇಶದ ಮಾನವೂ ಒಮ್ಮೆ ಹೋಗಿದೆ. 2018ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ 'ಕೌಂಟರ್ ಸ್ಟ್ರೈಕ್' ಪಂದ್ಯಾವಳಿ ನಡೆಯುತ್ತಿದ್ದಾಗ ಆಪ್ಟಿಕ್ ಇಂಡಿಯಾ ತಂಡದ ಆಟಗಾರನೊಬ್ಬನ ಕಂಪ್ಯೂಟರಿನಲ್ಲಿ ಗುರಿ ಹಿಡಿಯುವ ತಂತ್ರಾಂಶ ಸಿಕ್ಕಿತು. ಅದಕ್ಕೆ ಇಟ್ಟಿದ್ದ ಹೆಸರು 'ವರ್ಡ್.ಇಎಕ್ಸ್ಇ', ಯಾರೋ ಅರ್ಜಿ ಟೈಪ್ ಮಾಡುತ್ತಿದ್ದಾರೆ ಅನ್ನೋ ಹಾಗೆ. ಅವನಿಗೆ ಐದು ವರ್ಷ ನಿಷೇಧ ಬಂತು. ತಂಡವನ್ನೇ ವಿಸರ್ಜಿಸಲಾಯಿತು. ಉಳಿದ ನಾಲ್ವರು ಏನೂ ತಪ್ಪು ಮಾಡದೆ ಕೆಲಸ ಕಳೆದುಕೊಂಡರು. ಮೋಸವನ್ನು ಹಿಡಿಯಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಹಿಡಿಯೋದು ಹೇಗೆ, ತಪ್ಪಾಗಿ ಹಿಡಿದರೆ ಕೇಳೋರು ಯಾರು ಅನ್ನುವುದರಲ್ಲಿ ಇದೆ.

ಶಾಂಘೈನಲ್ಲಿ ಸಿಕ್ಕಿಬಿದ್ದಿದ್ದು ಸುಲಭದ ಪ್ರಕರಣ. ಕಂಪ್ಯೂಟರ್ ಎದುರಿಗಿತ್ತು, ಫೈಲು ಸಿಕ್ಕಿತು, ಮುಗಿಯಿತು. ಅಂತರ್ಜಾಲದಲ್ಲಿ ಆ ಭಾಗ್ಯ ಇಲ್ಲ. ಸಾವಿರಾರು ಮೈಲಿ ದೂರದ ಮನೆಯೊಂದರಲ್ಲಿ ಕೂತವನ ಕೈ ಆಡುತ್ತಿದೆಯೋ, ತಂತ್ರಾಂಶ ಆಡುತ್ತಿದೆಯೋ ಅಂತ ಸರ್ವರಿಗೆ ಬರುವ ಅಂಕಿಗಳಿಂದ ಊಹಿಸಬೇಕು. ಊಹೆ ಅನ್ನುವ ಪದವನ್ನ ಬೇಕಂತಲೇ ಬಳಸುತ್ತಿದ್ದೇನೆ.

ಮನುಷ್ಯನ ಕೈ ಮೌಸನ್ನು ಹೇಗೆ ಚಲಾಯಿಸುತ್ತದೆ ಗಮನಿಸಿ. ಗುರಿಯ ಕಡೆಗೆ ಮೊದಲು ಒಂದು ದೊಡ್ಡ ಎಳೆತ. ಅದು ಸ್ವಲ್ಪ ಹೆಚ್ಚೋ ಕಡಿಮೆಯೋ ಆಗಿರುತ್ತದೆ. ಆಮೇಲೆ ಒಂದೆರಡು ಸಣ್ಣ ತಿದ್ದುಪಡಿ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು ಒಂದು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಹಳೇ ಕಾಲದ ಏಮ್‌ಬಾಟಿಗೆ ಈ ತಡವರಿಕೆ ಇರಲಿಲ್ಲ, ಗೆರೆ ಎಳೆದ ಹಾಗೆ ಶತ್ರುವಿನ ತಲೆಗೇ ಹೋಗಿ ನಿಲ್ಲುತ್ತಿತ್ತು. ಹಿಡಿಯೋದು ಸುಲಭವಾಗಿತ್ತು. ಈಗ ಮೋಸದ ತಂತ್ರಾಂಶ ಮಾರುವವರು ಅದಕ್ಕೆ ಬೇಕಂತಲೇ ನಡುಕ ಸೇರಿಸುತ್ತಾರೆ, ಆಗಾಗ ಗುರಿ ತಪ್ಪುವಂತೆ ಮಾಡುತ್ತಾರೆ. ಯಂತ್ರ ಮನುಷ್ಯನ ದೌರ್ಬಲ್ಯವನ್ನು ನಕಲು ಮಾಡುತ್ತಿರುವ ಹೊತ್ತಿಗೆ, ದಿನಕ್ಕೆ ಎಂಟು ಗಂಟೆ ಅಭ್ಯಾಸ ಮಾಡುವ ಹುಡುಗರು ಯಂತ್ರದಷ್ಟು ನಿಖರವಾಗುತ್ತಿದ್ದಾರೆ. ನಡುವಿನ ಗೆರೆ ದಿನೇ ದಿನೇ ಮಸುಕಾಗುತ್ತಿದೆ.

ವಾಲ್ವ್ ಇದಕ್ಕೆ ಕೃತಕ ಬುದ್ಧಿಮತ್ತೆಯನ್ನು ತಂದಿತು. ಅದರ ಹೆಸರು 'ವ್ಯಾಕ್‌ನೆಟ್'. ಪ್ರತಿ ಗುಂಡಿನ ಹಿಂದುಮುಂದಿನ ಕ್ಷಣಗಳಲ್ಲಿ ಆಟಗಾರನ ನೋಟ ಎಷ್ಟು ತಿರುಗಿತು ಅನ್ನೋದನ್ನ ಓದಿ, ಅನುಮಾನ ಬಂದರೆ ಪ್ರಕರಣವನ್ನು ಅನುಭವಿ ಆಟಗಾರರ ತೀರ್ಪಿಗೆ ಕಳಿಸುವ ವ್ಯವಸ್ಥೆ ಅದು. 2018ರಲ್ಲಿ ಕಂಪನಿಯ ಎಂಜಿನಿಯರೇ ಒಂದು ಸಮ್ಮೇಳನದಲ್ಲಿ ಕೊಟ್ಟ ಲೆಕ್ಕ ನನಗೆ ಇವತ್ತಿಗೂ ಕಾಡುತ್ತದೆ. ಆಟಗಾರರೇ "ಇವನು ಮೋಸಗಾರ" ಅಂತ ದೂರು ಕೊಟ್ಟ ಪ್ರಕರಣಗಳಲ್ಲಿ ಮೋಸ ಅಂತ ತೀರ್ಮಾನವಾಗಿದ್ದು ಶೇ. 15ರಿಂದ 30 ಮಾತ್ರ. ಯಂತ್ರ ಕಳಿಸಿದ ಪ್ರಕರಣಗಳಲ್ಲಿ ಶೇ. 80ರಿಂದ 95.

ಅಂದರೆ ಸೋತವನ ಕಣ್ಣಿಗೆ ಗೆದ್ದವನೆಲ್ಲ ಕಳ್ಳ. ಗಲ್ಲಿ ಕ್ರಿಕೆಟ್ ಆಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ನನ್ನ ಅಳಿಯನ ಮೇಲೆ ಎಷ್ಟು ಜನ ಸಿಟ್ಟಿನಿಂದ ರಿಪೋರ್ಟ್ ಬಟನ್ ಒತ್ತಿರಬಹುದು, ದೇವರೇ ಬಲ್ಲ.

ಯಂತ್ರ ಮನುಷ್ಯನಿಗಿಂತ ಒಳ್ಳೆಯ ನ್ಯಾಯಾಧೀಶ ಅಂತ ಇಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ಆದರೆ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಆಟದಲ್ಲಿ ಒಂದು ಲಕ್ಷ ಜನ ಇದ್ದಾರೆ ಅಂದುಕೊಳ್ಳಿ. ಅದರಲ್ಲಿ ಸಾವಿರ ಜನ ಮೋಸಗಾರರು. ನಮ್ಮ ಹತ್ತಿರ ಶೇ. 99ರಷ್ಟು ಸರಿಯಾಗಿ ಹೇಳುವ ಪತ್ತೇದಾರಿ ಯಂತ್ರ ಇದೆ. ಕೇಳೋಕೆ ಅದ್ಭುತ. ಅದು ಸಾವಿರ ಮೋಸಗಾರರಲ್ಲಿ 990 ಜನರನ್ನ ಹಿಡಿಯುತ್ತದೆ. ಉಳಿದ 99,000 ಪ್ರಾಮಾಣಿಕರ ವಿಷಯದಲ್ಲಿ ಶೇ. 1 ತಪ್ಪುತ್ತದೆ, ಅಂದರೆ 990 ಜನ ಅಮಾಯಕರನ್ನೂ ಹಿಡಿಯುತ್ತದೆ. ಬ್ಯಾನ್ ಆದವರ ಪಟ್ಟಿಯಲ್ಲಿ ಅರ್ಧಕ್ಕರ್ಧ ನಿರಪರಾಧಿಗಳು! ಈ ಕಾರಣಕ್ಕೇ ಗಂಭೀರವಾಗಿ ಕೆಲಸ ಮಾಡುವವರು ಯಂತ್ರದ ಅನುಮಾನವನ್ನು ತೀರ್ಪು ಅಂತ ಪರಿಗಣಿಸುವುದಿಲ್ಲ. ವ್ಯಾಕ್‌ನೆಟ್ ಕೂಡ ಆಗ ಕೊನೆಯ ಮಾತನ್ನು ಮನುಷ್ಯರಿಗೇ ಬಿಟ್ಟಿತ್ತು. ಮನುಷ್ಯರನ್ನು ಇಡೋದು ದುಬಾರಿ. ನಾಲ್ಕು ನಿಮಿಷದ ಸಿದ್ಧ ಉತ್ತರ ಅಗ್ಗ.

ತಪ್ಪು ಆಗುವುದೇ ಇಲ್ಲ ಅನ್ನುವವರಿಗೆ ಮೂರು ಘಟನೆ ನೆನಪಿಸುತ್ತೇನೆ. 2010ರ ಜುಲೈನಲ್ಲಿ ವಾಲ್ವ್‌ನ ವ್ಯವಸ್ಥೆ 'ಮಾಡರ್ನ್ ವಾರ್‌ಫೇರ್ 2' ಆಡುತ್ತಿದ್ದ ಸುಮಾರು 12,000 ಜನರನ್ನು ತಪ್ಪಾಗಿ ಬ್ಯಾನ್ ಮಾಡಿತು. ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ ಅವರೇ ಕ್ಷಮೆ ಕೇಳಿ, ಪರಿಹಾರವಾಗಿ ಇನ್ನೊಂದು ಆಟವನ್ನು ಪುಕ್ಕಟೆ ಕೊಟ್ಟರು. 2023ರ ಅಕ್ಟೋಬರ್‌ನಲ್ಲಿ ಎಎಂಡಿ ಕಂಪನಿ ತನ್ನ ಗ್ರಾಫಿಕ್ಸ್ ಕಾರ್ಡಿಗೆ ಆಟದ ವೇಗ ಸುಧಾರಿಸುವ ಹೊಸ ಸೌಲಭ್ಯ ಕೊಟ್ಟಿತು. ಅದನ್ನು ಆನ್ ಮಾಡಿಕೊಂಡವರೆಲ್ಲ 'ಕೌಂಟರ್ ಸ್ಟ್ರೈಕ್ 2'ರ ಕಣ್ಣಿಗೆ ಮೋಸಗಾರರಾಗಿ ಕಂಡರು. ಆ ಸೌಲಭ್ಯ ಆಟದ ಕೋಡಿಗೆ ಕೈ ಹಾಕುತ್ತಿತ್ತು, ಮೋಸದ ತಂತ್ರಾಂಶ ಮಾಡುವುದೂ ಅದನ್ನೇ. ಎಎಂಡಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಮೂರನೆಯದು ನಗೆಯೂ ಬರಿಸುತ್ತದೆ, ಭಯವನ್ನೂ. 'ಕಾಲ್ ಆಫ್ ಡ್ಯೂಟಿ'ಯ ರಿಕೋಶೆ ಎಂಬ ಕಾವಲು ತಂತ್ರಾಂಶ ಆಟಗಾರನ ಕಂಪ್ಯೂಟರಿನ ಮೆಮೊರಿಯಲ್ಲಿ ಕೆಲವು ಪದಗಳನ್ನು ಹುಡುಕುತ್ತಿತ್ತಂತೆ. ಅದರಲ್ಲಿ 'ಟ್ರಿಗರ್ ಬಾಟ್' ಅನ್ನುವುದೂ ಒಂದು. ಇದನ್ನು ಪತ್ತೆ ಮಾಡಿದ ಹ್ಯಾಕರ್ ಒಬ್ಬ, ಆಟದೊಳಗಿನ ಸಂದೇಶದಲ್ಲಿ ಆ ಎರಡು ಪದ ಬರೆದು ಬೇರೆಯವರಿಗೆ ಕಳಿಸಿದ. ಸಂದೇಶ ಪಡೆದವರ ಮೆಮೊರಿಯಲ್ಲಿ ಆ ಪದ ಕಾಣಿಸಿತು, ಪಡೆದವರೇ ಬ್ಯಾನ್! ಸಾವಿರಾರು ಜನರನ್ನು ಹೀಗೆ ಬ್ಯಾನ್ ಮಾಡಿಸಿದೆ ಅಂತ ಅವನು 2024ರಲ್ಲಿ ಪತ್ರಕರ್ತರಿಗೆ ಹೇಳಿಕೊಂಡ. ಆಗಿದ್ದು ಸಣ್ಣ ಸಂಖ್ಯೆಯ ಅಕೌಂಟುಗಳಿಗೆ, ಎಲ್ಲ ವಾಪಸು ಕೊಟ್ಟಿದ್ದೇವೆ ಅಂತ ಕಂಪನಿ ಹೇಳಿತು. ಸಣ್ಣದೋ ದೊಡ್ಡದೋ, ನಿಮ್ಮ ಜೇಬಿಗೆ ಯಾರೋ ಚೀಟಿ ತುರುಕಿ, ಪೊಲೀಸರು ಆ ಚೀಟಿಯನ್ನೇ ಸಾಕ್ಷಿ ಮಾಡಿದ ಹಾಗಾಯಿತು. ಆ ದಿನಗಳಲ್ಲಿ "ನಾನು ಏನೂ ಹಾಕಿಲ್ಲ" ಅಂದ ಹುಡುಗರನ್ನು ಮನೆಯಲ್ಲಿ ಎಷ್ಟು ಜನ ನಂಬಿರಬಹುದು?

ಸ್ವಚ್ಛವಾಗಿ ಹಿಡಿಯುವ ದಾರಿ ಇಲ್ಲವೇ ಇಲ್ಲ ಅಂತಲ್ಲ. ನನಗೆ ತುಂಬಾ ಇಷ್ಟವಾದ ಉದಾಹರಣೆ 'ಡೋಟಾ 2'ರದ್ದು. ಆಟದ ಮಾಹಿತಿಯೊಳಗೆ ವಾಲ್ವ್ ಒಂದು ಗುಪ್ತ ಕೋಣೆ ಮಾಡಿಟ್ಟಿತು. ನ್ಯಾಯವಾಗಿ ಆಡುವ ಯಾರೂ, ಆಟವೂ ಸಹ, ಅಲ್ಲಿಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಕಾಣಬಾರದ್ದನ್ನು ಕಾಣಲು ಮೆಮೊರಿ ಕೆದಕುವ ತಂತ್ರಾಂಶ ಮಾತ್ರ ಅದನ್ನು ಓದುತ್ತದೆ. ಬೋನು ಇಟ್ಟು ಸುಮ್ಮನೆ ಕೂತರು. 2023ರ ಫೆಬ್ರವರಿಯಲ್ಲಿ 40,000ಕ್ಕೂ ಹೆಚ್ಚು ಅಕೌಂಟುಗಳು ಒಟ್ಟಿಗೇ ಹೋದವು. ಇಲ್ಲಿ ಸಂಭವನೀಯತೆಯ ತಕ್ಕಡಿ ಇಲ್ಲ, ಹೆಜ್ಜೆ ಗುರುತು ಇದೆ. ಆದರೆ ಇಂಥ ಬೋನು ಒಂದು ಸಲ ಮಾತ್ರ ಕೆಲಸ ಮಾಡುತ್ತದೆ, ಮರುದಿನ ಎಲ್ಲ ಇಲಿಗಳಿಗೂ ವಿಷಯ ಗೊತ್ತಾಗಿರುತ್ತದೆ. ಕಂಪನಿಗಳು ಸಿಕ್ಕ ತಕ್ಷಣ ಬ್ಯಾನ್ ಮಾಡದೆ, ತಿಂಗಳುಗಟ್ಟಲೆ ಕಾದು ಅಲೆಯಲೆಯಾಗಿ ಬ್ಯಾನ್ ಮಾಡುವುದು ಇದಕ್ಕೇ. ಯಾವ ತಪ್ಪಿನಿಂದ ಸಿಕ್ಕಿಬಿದ್ದೆವು ಅಂತ ಮೋಸಗಾರರಿಗೆ ತಿಳಿಯಬಾರದು. ಇದರ ಇನ್ನೊಂದು ಮಗ್ಗುಲು ಏನಪ್ಪಾ ಅಂದರೆ, ಅಮಾಯಕನಿಗೂ ತಾನು ಯಾವುದರಿಂದ ಸಿಕ್ಕಿಬಿದ್ದೆ ಅಂತ ತಿಳಿಯುವುದಿಲ್ಲ. ಗುಟ್ಟು ಕಳ್ಳನಿಂದ ಮುಚ್ಚಿಟ್ಟಷ್ಟೇ ಅವನಿಂದಲೂ ಮುಚ್ಚಿಟ್ಟದ್ದು.

ಇನ್ನೊಂದು ದಾರಿ ಮನೆಯೊಳಕ್ಕೇ ಬಂದು ಕಾವಲು ಕೂರುವುದು. ರಯಟ್ ಕಂಪನಿ 2020ರಲ್ಲಿ 'ವ್ಯಾಲರಂಟ್' ಜೊತೆ ತಂದ 'ವ್ಯಾನ್‌ಗಾರ್ಡ್' ಕಂಪ್ಯೂಟರ್ ಆನ್ ಆಗುವಾಗಲೇ ಎದ್ದು, ವಿಂಡೋಸಿನ ತಿರುಳಿನಲ್ಲಿ, ಅಂದರೆ ಕರ್ನೆಲ್ ಮಟ್ಟದಲ್ಲಿ ಕೂರುತ್ತದೆ. ನೀವು ಆಡಿದರೂ ಇರುತ್ತದೆ, ಬ್ಯಾಂಕಿನ ವ್ಯವಹಾರ ಮಾಡುತ್ತಿದ್ದರೂ ಇರುತ್ತದೆ. ಅದು ಕದಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆ ಜಾಗದಲ್ಲಿ ಕೂತವನು ಎಡವಿದರೆ ಇಡೀ ಮನೆ ಬೀಳುತ್ತದೆ, ಅಷ್ಟೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು, ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಜನ ಪರದಾಡಿದರು. ಅದು ಆಟದ ಕಾವಲುಗಾರ ಅಲ್ಲ, ನಿಜ. ಆದರೆ ಕೂರುವ ಕುರ್ಚಿ ಅದೇ. ಆಟದ ಕಾವಲುಗಾರನ ಉದಾಹರಣೆಯೇ ಬೇಕೆಂದರೆ 'ಗೆನ್‌ಶಿನ್ ಇಂಪ್ಯಾಕ್ಟ್' ಇದೆ. ಅದರ ಕಾವಲು ಡ್ರೈವರನ್ನೇ ಸುಲಿಗೆಕೋರರು ಬೇರೆ ಕಂಪ್ಯೂಟರುಗಳಿಗೆ ಒಯ್ದು, ಅದರ ಬಲದಿಂದ ಆಂಟಿವೈರಸ್ ಆರಿಸಿದ್ದು 2022ರಲ್ಲಿ ಬಯಲಾಯಿತು. ಆ ಕಂಪ್ಯೂಟರಿನಲ್ಲಿ ಆಟ ಇರಬೇಕೆಂದೂ ಇರಲಿಲ್ಲ.

ಇಷ್ಟು ಬೆಲೆ ತೆತ್ತರೂ ಮೋಸ ನಿಂತಿದೆಯೇ? ಈಗ ಎರಡನೇ ಕಂಪ್ಯೂಟರ್ ಇಟ್ಟುಕೊಂಡು, ಮೊದಲನೆಯದರ ಪರದೆಯನ್ನು ಕೇಬಲ್ ಮೂಲಕ ಅದಕ್ಕೆ ತೋರಿಸಿ, ಕೃತಕ ಬುದ್ಧಿಮತ್ತೆಯಿಂದ ಶತ್ರುವನ್ನು ಗುರುತಿಸಿ, ಮೌಸಿನ ಸಂಕೇತ ಮಾತ್ರ ವಾಪಸು ಕಳಿಸುವವರಿದ್ದಾರೆ. ಕಾವಲುಗಾರ ಮೊದಲ ಕಂಪ್ಯೂಟರನ್ನು ಎಷ್ಟು ಜಾಲಾಡಿದರೂ ಏನೂ ಸಿಗುವುದಿಲ್ಲ. ಮತ್ತೆ ಉಳಿಯುವುದು ಅದೇ: ನಡತೆ ನೋಡಿ ಊಹಿಸುವುದು.

ನಡತೆ ನೋಡಿ ಹಿಡಿಯುವುದರಲ್ಲಿ ಎಲ್ಲರಿಗಿಂತ ಪಳಗಿದವರು ಚೆಸ್‌ನವರು. ಅಲ್ಲಿ ಪ್ರತಿ ನಡೆಯನ್ನೂ ಎಂಜಿನ್ ಜೊತೆ ಹೋಲಿಸಬಹುದು. ಬಫಲೋ ವಿಶ್ವವಿದ್ಯಾಲಯದ ಕೆನೆತ್ ರೀಗನ್ ಇದನ್ನೇ ದಶಕಗಳಿಂದ ಮಾಡುತ್ತಿದ್ದಾರೆ: ಈ ಮಟ್ಟದ ಆಟಗಾರ ಎಂಜಿನ್‌ನ ನಡೆಯನ್ನೇ ಇಷ್ಟು ಸಲ ಆಡುವ ಸಾಧ್ಯತೆ ಎಷ್ಟು? ಸಮಯವೂ ಸಾಕ್ಷಿ ಹೇಳುತ್ತದೆ. ಮನುಷ್ಯ ಸುಲಭದ ನಡೆಗೆ ಒಂದು ಸೆಕೆಂಡು, ಕಷ್ಟದ ನಡೆಗೆ ಐದು ನಿಮಿಷ ತೆಗೆದುಕೊಳ್ಳುತ್ತಾನೆ. ಎಲ್ಲದಕ್ಕೂ ಒಂದೇ ಸಮ ಆರೇಳು ಸೆಕೆಂಡು ತೆಗೆದುಕೊಳ್ಳುವವನು ಬೇರೆಲ್ಲೋ ನೋಡಿ ಬರೆಯುತ್ತಿದ್ದಾನೆ ಅಂತ ಅರ್ಥ. ಬೆಂಗಳೂರಿಗರಿಗೆ 2021ರ ಜೂನ್ ನೆನಪಿರಬಹುದು. ಕೋವಿಡ್ ಸಹಾಯಾರ್ಥ ಪ್ರದರ್ಶನ ಪಂದ್ಯದಲ್ಲಿ ಝೆರೋಧಾದ ನಿಖಿಲ್ ಕಾಮತ್ ಅವರು ವಿಶ್ವನಾಥನ್ ಆನಂದ್ ಅವರನ್ನೇ ಸೋಲಿಸಿಬಿಟ್ಟರು! ಯಾರೂ ನಂಬಲಿಲ್ಲ, ಮರುದಿನ ಕಾಮತ್ ಅವರೇ ಕಂಪ್ಯೂಟರಿನ ಮತ್ತು ಬೇರೆಯವರ ನೆರವು ಪಡೆದಿದ್ದೆ ಅಂತ ಒಪ್ಪಿಕೊಂಡು ಕ್ಷಮೆ ಕೇಳಿದರು. ಚೆಸ್.ಕಾಮ್ ಅವರ ಅಕೌಂಟ್ ಮುಚ್ಚಿತು, ಕೆಲವೇ ದಿನದಲ್ಲಿ ಮತ್ತೆ ತೆರೆಯಿತು. ಒಪ್ಪಿಕೊಂಡವರಿಗೆ ದಿನಗಳಲ್ಲಿ ಮಾಫಿ, ಒಪ್ಪದ ಪಿಯು ಹುಡುಗನಿಗೆ ಹತ್ತು ವರ್ಷ. ಆಟ ಬೇರೆ, ಕಂಪನಿ ಬೇರೆ, ಹೋಲಿಕೆ ಸರಿಯಲ್ಲ ಅಂತ ನನಗೂ ಗೊತ್ತು. ಆದರೂ ಭಾವನ ಫೋನ್ ಇಟ್ಟ ಮೇಲೆ ನನಗೆ ನೆನಪಾಗಿದ್ದು ಅದೇ.

ಈವರೆಗೆ ಆಟಗಾರ ತರುವ ಬಾಟಿನ ಮಾತಾಯಿತು. ಕಂಪನಿಯೇ ತರುವ ಬಾಟಿನ ಬಗ್ಗೆ ನಾವು ಮಾತಾಡುವುದು ಕಡಿಮೆ. ಮೊಬೈಲಿನ ಬ್ಯಾಟಲ್ ರಾಯಲ್ ಆಟಗಳಲ್ಲಿ ಹೊಸಬರ ಎದುರಿಗೆ ಮನುಷ್ಯರ ಹೆಸರಿಟ್ಟುಕೊಂಡು ಓಡಾಡುವ ಬಾಟುಗಳನ್ನು ಕಂಪನಿಗಳೇ ಬಿಡುತ್ತವೆ ಅನ್ನೋದು ಆಡುವ ಎಲ್ಲರಿಗೂ ಗೊತ್ತು. ಹೊಸಬ ನಾಲ್ಕು ಜನರನ್ನು ಹೊಡೆದು ಖುಷಿಯಾಗಲಿ, ಆಟ ಬಿಟ್ಟು ಹೋಗದಿರಲಿ ಅಂತ. ಅದರಿಂದ ಯಾರ ಮನೆಯೂ ಮುಳುಗುವುದಿಲ್ಲ. ದುಡ್ಡಿಟ್ಟು ಆಡುವ ಕಡೆ ಹಾಗಲ್ಲ. ಎದುರಿಗೆ ಕೂತವನು ನನ್ನಂತೆಯೇ ಬೆವರುವ ಮನುಷ್ಯ ಅನ್ನುವ ನಂಬಿಕೆಯ ಮೇಲೇ ಅಲ್ಲಿ ದುಡ್ಡು ಇಡುವುದು. 2019ರಲ್ಲೇ 'ಪ್ಲುರಿಬಸ್' ಎಂಬ ತಂತ್ರಾಂಶ ಆರು ಜನರ ಪೋಕರ್ ಮೇಜಿನಲ್ಲಿ ವೃತ್ತಿಪರರನ್ನು ಸೋಲಿಸಿ ತೋರಿಸಿದೆ. ಆ ಮೇಜಿನ ಯಜಮಾನನೇ ಕಾವಲುಗಾರನೂ ಆಗಿದ್ದರೆ, ಅವನದ್ದೇ ಬಾಟನ್ನು ಹಿಡಿಯೋರು ಯಾರು? 2025ರ ನವೆಂಬರ್‌ನಲ್ಲಿ ಜಾರಿ ನಿರ್ದೇಶನಾಲಯದ ಬೆಂಗಳೂರು ವಲಯ ಇಂಥ ಒಂದು ಕಂಪನಿಯ ಮೇಲೆ ಇದೇ ಆರೋಪ ಹೊರಿಸಿತು: ಎದುರಿಗಿರುವುದು ಮನುಷ್ಯರಲ್ಲ ಅಂತ ತಿಳಿಸದೆ ತಂತ್ರಾಂಶದ ಜೊತೆ ಆಡಿಸಿದರು ಅಂತ. ಆರೋಪ ಆರೋಪವೇ, ಸಾಬೀತಾಗುವುದು ನ್ಯಾಯಾಲಯದಲ್ಲಿ. ಆದರೆ ದುಡ್ಡು ಕಳೆದುಕೊಂಡ ಒಬ್ಬ ಆಟಗಾರನಿಗೂ ತಾನಾಗಿ ಅದನ್ನು ಪತ್ತೆ ಮಾಡುವ ಯಾವ ಉಪಾಯವೂ ಇರುವುದಿಲ್ಲ. ಸರ್ವರಿನ ದಾಖಲೆ ಇರುವುದು ಒಂದೇ ಕಡೆ.

ನಮ್ಮ ಸರ್ಕಾರಗಳು ಇದಕ್ಕೆ ಕಂಡುಕೊಂಡ ಉತ್ತರ ನಿಷೇಧ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಕಾಯ್ದೆ ತಂದು ಹಣದ ಆಟಗಳನ್ನೆಲ್ಲ ನಿಷೇಧಿಸಿತು. ಎರಡೇ ದಿನದಲ್ಲಿ ಎರಡೂ ಸದನ ದಾಟಿದ ಕಾಯ್ದೆ ಅದು. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯನ್ನೂ ಕೊಟ್ಟಿತು. ಸಂತೋಷ. ಮಾನ್ಯತೆ ಪಡೆದ ಕ್ರೀಡೆಯಲ್ಲಿ ಉದ್ದೀಪನ ಮದ್ದಿನ ಆರೋಪ ಬಂದರೆ ಆಟಗಾರನಿಗೆ ಎರಡನೇ ಮಾದರಿಯ ಪರೀಕ್ಷೆ ಕೇಳುವ ಹಕ್ಕಿದೆ, ವಿಚಾರಣಾ ಸಮಿತಿ ಇದೆ, ಮೇಲ್ಮನವಿ ಇದೆ. ಮೊಬೈಲಿನಲ್ಲಿ ಆಡುವ ಹುಡುಗನ ಬಿ ಸ್ಯಾಂಪಲ್ ಎಲ್ಲಿದೆ?

ಯುರೋಪಿನ ಮಾಹಿತಿ ಸಂರಕ್ಷಣಾ ಕಾನೂನಿನ 22ನೇ ವಿಧಿ, ಯಂತ್ರವೊಂದೇ ತೆಗೆದುಕೊಂಡ ಗಂಭೀರ ಪರಿಣಾಮದ ನಿರ್ಧಾರಗಳಿಂದ ಜನರಿಗೆ ರಕ್ಷಣೆ ಕೊಡುತ್ತದೆ, ಮನುಷ್ಯರ ಮಧ್ಯಪ್ರವೇಶ ಕೇಳಲು ದಾರಿ ಇಡುತ್ತದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯಲ್ಲಿ ಅಂಥ ಹಕ್ಕಿಲ್ಲ. ಇನ್ನೊಂದು ವಿಚಿತ್ರ ಇದೆ. ಅದೇ ಕಾಯ್ದೆ 18 ವರ್ಷದೊಳಗಿನವರ ನಡತೆಯ ಮೇಲೆ ನಿಗಾ ಇಡುವುದನ್ನು ನಿಷೇಧಿಸುತ್ತದೆ, ಸರ್ಕಾರ ವಿನಾಯಿತಿ ಕೊಟ್ಟ ಕಡೆ ಬಿಟ್ಟು. ಮೋಸ ಪತ್ತೆ ಮಾಡುವುದು ಅಂದರೆ ನಡತೆಯ ಮೇಲೆ ನಿಗಾ ಇಡುವುದೇ. ಆಡುವವರಲ್ಲಿ ದೊಡ್ಡ ಪಾಲು 18 ದಾಟದವರು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಕಟ್ಟಳೆಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಆ ದಿನ ಬಂದಾಗ ಕಂಪನಿಗಳು ದೆಹಲಿಯ ಬಾಗಿಲು ತಟ್ಟಿ ವಿನಾಯಿತಿ ಕೇಳುತ್ತವೆ ಅನ್ನುವುದು ನನ್ನ ಅಂದಾಜು. ಕೊಡಲಿ. ಕೊಡುವಾಗ ಮೂರು ಷರತ್ತು ಹಾಕಲಿ: ಒಂದು ವರ್ಷಕ್ಕಿಂತ ಹೆಚ್ಚಿನ ಬ್ಯಾನ್ ಆದರೆ ಮನುಷ್ಯನೊಬ್ಬ ಆ ಆಟದ ರೆಕಾರ್ಡಿಂಗ್ ನೋಡಿರಬೇಕು. ಯಾವ ದಿನ, ಯಾವ ಪಂದ್ಯ, ಯಾವ ಬಗೆಯ ಸಾಕ್ಷಿ ಅಂತ ಆಟಗಾರನಿಗೆ ತಿಳಿಸಬೇಕು, ತಂತ್ರ ಬಿಟ್ಟುಕೊಡಬೇಕಾಗಿಲ್ಲ. ಮತ್ತೆ, ಕಂಪನಿಯದೇ ಬಾಟು ಇದ್ದರೆ ಅದರ ಹೆಸರಿನ ಪಕ್ಕ ಬಾಟು ಅಂತ ಬರೆದಿರಬೇಕು. ಇದರಿಂದ ಮೋಸಗಾರರಿಗೆ ಅನುಕೂಲ ಆಗುತ್ತದೆ ಅಂತ ಕಂಪನಿಗಳು ಹೇಳುತ್ತವೆ. ಸ್ವಲ್ಪ ಆಗಬಹುದು. ಪಂದ್ಯದ ದಿನಾಂಕ ಹೇಳಿದ್ದಕ್ಕೇ ಕುಸಿದುಬೀಳುವ ಪತ್ತೇದಾರಿಕೆ ಇದ್ದರೆ ಅದನ್ನು ನಂಬಿ ಹತ್ತು ವರ್ಷದ ಶಿಕ್ಷೆ ಕೊಡುವುದು ಹೇಗೆ?

ಅಳಿಯನ ಫೋನನ್ನು ಒಂದು ಭಾನುವಾರ ಕೂತು ನೋಡಿದೆ. ಪರದೆ ರೆಕಾರ್ಡ್ ಮಾಡುವ ಆ್ಯಪ್ ಇತ್ತು, ಫೋನಿನ ಜೊತೆಗೇ ಬಂದ 'ಗೇಮ್ ಬೂಸ್ಟರ್' ಇತ್ತು, ಸ್ನೇಹಿತನೊಬ್ಬ ವಾಟ್ಸ್ಆ್ಯಪಿನಲ್ಲಿ ಕಳಿಸಿದ, ಬಟನ್ನುಗಳ ಜಾಗ ಬದಲಿಸುವ ಒಂದು ಫೈಲ್ ಇತ್ತು. "ಅದು ಎಲ್ಲರ ಹತ್ರಾನೂ ಇದೆ ಮಾಮ" ಅಂದ. ಮೂರರಲ್ಲಿ ಯಾವುದಾದರೂ ಕಾರಣ ಇರಬಹುದು, ಯಾವುದೂ ಇಲ್ಲದೆಯೂ ಇರಬಹುದು. ಭಾವನಿಗೆ ಅದನ್ನೇ ಹೇಳಿದೆ. "ಹಂಗಾರೆ ಸುಳ್ಳು ಹೇಳ್ತಿಲ್ಲ ಅಂತಾಯ್ತಾ?" ಅಂದರು. ಹಾಗೂ ಹೇಳಲು ಬರುವುದಿಲ್ಲ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ.

ಹುಡುಗ ಅಷ್ಟರಲ್ಲಿ ಹೊಸ ಅಕೌಂಟ್ ತೆರೆದಿದ್ದ, ಒಂದನೇ ಲೆವೆಲ್ಲಿನಿಂದ. ಮೊದಲ ಪಂದ್ಯದಲ್ಲೇ 14 ಜನರನ್ನು ಹೊಡೆದಿದ್ದನಂತೆ. ಭೇಷ್ ಅಂದೆ. "ಅದರಲ್ಲೇನಿದೆ ಮಾಮ, ಎಲ್ಲಾ ಬಾಟು" ಅಂದ.